ಉರುಳಿಕೆರೆಯ ಸೌಟು

ಆಗ ನನಗೆ ಮೂವತ್ತನಾಲ್ಕು. ಅದಾಗಿ ನಲವತ್ತಮೂರು ವರ್ಷವಾಯಿತು. ವಯನಾಡು ಬೇರೆ ಜಿಲ್ಲೆಯಾಗಿ ಎರಡನೆಯ ಮಳೆಗಾಲ ಮುಗಿಯುತ್ತಾ ಬಂದಿತ್ತು. ಇನ್ನು ಕಾಗದಪತ್ರಕ್ಕೆ ಘಾಟಿ ಇಳಿದು ಕಣ್ಣೂರಿಗೆ ಹೋಗುವುದು ತಪ್ಪಿತು ಅಂತ ಗಂಡಸರು ಹೇಳುತ್ತಿದ್ದರು. ನಾನು ಕಣ್ಣೂರನ್ನೂ ಕಂಡವಳಲ್ಲ, ಹೊಸ ಜಿಲ್ಲೆಯ ಕಚೇರಿ ಬಂದ ಕಲ್ಪೆಟ್ಟವನ್ನೂ ಕಂಡವಳಲ್ಲ. ನನಗೆ ಗೊತ್ತಿದ್ದದ್ದು ನಮ್ಮ ಮನೆ, ಮನೆಯ ಮುಂದಿನ ಗದ್ದೆ, ಗದ್ದೆಯಾಚೆಗಿನ ಕೆರೆ, ಕೆರೆಯಾಚೆಗಿನ ಕಾಡು.

ಹುಟ್ಟಿದ್ದು ಗಡಿಯಾಚೆ, ಕುಟ್ಟದ ಕಡೆ. ಎರಡನೇ ಕ್ಲಾಸಿನಷ್ಟು ಕನ್ನಡ ಅಲ್ಲಿ ಕಲಿತೆ. ಆಮೇಲೆ ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಉಳಿದೆ. ಮದುವೆ ಮಾಡಿ ತೋಲ್ಪೆಟ್ಟಿ ಕಡೆಗೆ ಕೊಟ್ಟರು. ಗಂಡನ ಮನೆಯವರೂ ಕನ್ನಡದವರೇ, ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಬಂದು ಗದ್ದೆ ಮಾಡಿಕೊಂಡವರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಮಲಯಾಳ ಮಾತಾಡುತ್ತೇನೆ, ಓದುವುದು ಬಸ್ಸಿನ ಬೋರ್ಡಿನಷ್ಟು ಮಾತ್ರ.

ನಮ್ಮ ಕೆರೆಯ ಹೆಸರು ಉರುಳಿಕೆರೆ. ಉರುಳಿ ಅಂದರೆ ಅಗಲ ಬಾಯಿಯ ಕಂಚಿನ ಪಾತ್ರೆ, ಮದುವೆಮನೆಯಲ್ಲಿ ಪಾಯಸ ಕಾಯಿಸುವಂಥದ್ದು. ಈಗ ಅಲ್ಲಿಗೆ ಕಾರಿನಲ್ಲಿ ಜನ ಬರುತ್ತಾರೆ, ಏರಿಯ ಮೇಲೆ ನಿಂತು ಫೋಟೋ ತೆಗೆಯುತ್ತಾರೆ, ಚೆಂದ ಚೆಂದ ಅನ್ನುತ್ತಾರೆ. ಚೆಂದವಾಗಿಯೇ ಇದೆ, ಸುಳ್ಳೇಕೆ ಹೇಳಲಿ. ಮಳೆ ಬಿಟ್ಟ ಮೇಲೆ ದಡದ ಸುತ್ತ ಬಿಳಿ ನೈದಿಲೆ ಏಳುತ್ತದೆ. ಅದರ ಎಲೆಗಳ ಮೇಲೆ ಉದ್ದ ಬೆರಳಿನ ಹಕ್ಕಿಯೊಂದು ಮುಳುಗದೆ ನಡೆದುಕೊಂಡು ಹೋಗುತ್ತದೆ. ಜೊಂಡಿನೊಳಗೆ ನೀಲಿ ನೀರುಕೋಳಿಗಳು ಜಗಳವಾಡುತ್ತವೆ. ಬೇಸಿಗೆಯಲ್ಲಿ ಒಳಗಿನ ಹೊಂಡಗಳು ಬತ್ತಿದಾಗ ಆನೆ, ಕಾಟಿ, ಕಡವೆ ಎಲ್ಲ ಆಚೆ ದಡಕ್ಕೆ ಇಳಿಯುತ್ತವೆ. ನೀರುನಾಯಿಗಳಂತೂ ವರ್ಷವಿಡೀ ಇರುತ್ತವೆ. ಮನುಷ್ಯರನ್ನು ಕಂಡರೆ ಕುತ್ತಿಗೆಯವರೆಗೆ ನೀರಿನಿಂದೆದ್ದು ಸಿಳ್ಳೆ ಹಾಕುತ್ತವೆ.

ಆ ಸಿಳ್ಳೆಗೆ ಒಂದು ಕಥೆ ಇದೆ. ಹಿಂದೆ ಈ ಕೆರೆ ಮದುವೆಗೆ ಪಾತ್ರೆ ಕೊಡುತ್ತಿತ್ತಂತೆ. ಮನೆಯ ಹಿರಿಯ ಮುನ್ನಾದಿನ ಸಂಜೆ ಏರಿಯ ಕಲ್ಲಿನ ಮೇಲೆ ಎಲೆ ಅಡಿಕೆ ಇಟ್ಟು, ಮೂರು ಉರುಳಿ ಬೇಕು, ಎರಡು ಸೌಟು ಬೇಕು ಅಂತ ಗಟ್ಟಿಯಾಗಿ ಹೇಳಿ ಹಿಂತಿರುಗಿ ನೋಡದೆ ಬರಬೇಕು. ನೀರುನಾಯಿಗಳು ಕೆಳಗಿನಿಂದ ಹೊತ್ತು ತರುತ್ತವೆ. ಬೆಳಿಗ್ಗೆ ಹೋದರೆ ಕಲ್ಲಿನ ಮೇಲೆ ಥಳಥಳ ಹೊಳೆಯುವ ಪಾತ್ರೆ. ಊಟ ಮುಗಿದ ಮೇಲೆ ಬೂದಿ ಹುಣಸೆ ಹಾಕಿ ಉಜ್ಜಿ ತಿರುಗಿ ಅಲ್ಲೇ ಇಡಬೇಕು. ಹೀಗೇ ಎಷ್ಟೋ ಕಾಲ ನಡೆಯಿತು. ಒಂದು ಮದುವೆಯಲ್ಲಿ ಯಾರೋ ಒಂದು ಸೌಟು ಇಟ್ಟುಕೊಂಡರು. ಅಲ್ಲಿಗೆ ಕೆರೆ ಕೊಡುವುದನ್ನು ನಿಲ್ಲಿಸಿತು. ನೀರುನಾಯಿಗಳು ಇವತ್ತಿಗೂ ಸೌಟೆಲ್ಲಿ, ಸೌಟೆಲ್ಲಿ ಅಂತ ಕೇಳುತ್ತಿವೆ.

ಇಟ್ಟುಕೊಂಡವರು ಯಾರು ಅಂತ ಊರಿನ ಕಥೆಯಲ್ಲಿ ಇರಲಿಲ್ಲ. ನಮ್ಮ ಮನೆಯ ಕಥೆಯಲ್ಲಿ ಇತ್ತು. ಮದುವೆಯಾಗಿ ಬಂದ ವರ್ಷ ಪುತ್ತರಿಗೆ, ಅಂದರೆ ಹೊಸಕ್ಕಿ ಹಬ್ಬಕ್ಕೆ, ಅತ್ತೆ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅಟ್ಟದಿಂದ ಒಂದು ಬಟ್ಟೆಯ ಗಂಟು ಇಳಿಸಿದರು. ಒಳಗೆ ಕಂಚಿನ ಸೌಟು. ಹಿಡಿಯ ತುದಿ ನೀರುನಾಯಿಯ ಬಾಲದ ಹಾಗೆ ಚಪ್ಪಟೆ. ಹುಣಸೆ ಹಾಕಿ ತೊಳೆದು, ಹೊಸಕ್ಕಿ ಪಾಯಸವನ್ನು ಅದರಲ್ಲಿ ಒಂದೇ ಒಂದು ಸುತ್ತು ತಿರುಗಿಸಿ, ಒರೆಸಿ, ಮತ್ತೆ ಗಂಟು ಕಟ್ಟಿದರು.

"ನಮ್ಮ ಮುತ್ತಜ್ಜಿಗೂ ಹಿಂದಿನೋರು ಇಟ್ಕಂಡಿದ್ದು," ಅಂದರು ಅತ್ತೆ. "ಈ ಮನೇಲಿ ಅನ್ನ ನಿಂತಿರೋದು ಇದ್ರಿಂದ. ಈ ಮಾತು ಹೊಸಿಲು ದಾಟಕೂಡದು. ದಾಟಿದ್ರೆ ನೀನೂ ದಾಟಿದ ಹಾಗೇ ಅಂತ ತಿಳ್ಕೋ."

ಹದಿನಾಲ್ಕು ವರ್ಷ ನಾನು ಅದನ್ನು ದಾಟಿಸಲಿಲ್ಲ.

ಕೆರೆಯ ಜೊಂಡು ಕೊಯ್ದು ಚಾಪೆ ನೇಯುವುದು ನನ್ನ ಕೆಲಸ. ಅದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬಳು ತೊಡೆಯಷ್ಟು ನೀರಿನಲ್ಲಿ ನಿಂತು ಕೊಯ್ಯುವುದು, ಇನ್ನೊಬ್ಬಳು ದಡದ ಕಲ್ಲಿನ ಮೇಲೆ ನಿಂತು ಕಾಡು ನೋಡುವುದು. ಜೊಂಡಿನೊಳಗೆ ಬಗ್ಗಿದವಳಿಗೆ ಏನೂ ಕಾಣುವುದಿಲ್ಲ. ಆನೆ ಬಂದರೆ ಕೂಗಬಾರದು, ಕತ್ತಿಯ ಬೆನ್ನಿನಿಂದ ಕಲ್ಲಿಗೆ ಎರಡು ಸಲ ಬಡಿಯಬೇಕು. ಕೇಳಿಸಿದ ಕೂಡಲೇ ಕೊಯ್ದದ್ದನ್ನು ಅಲ್ಲೇ ಬಿಟ್ಟು ಮೇಲೆ ಬರಬೇಕು. ಆಮೇಲೆ ಸರದಿ ಬದಲು.

ನನ್ನ ಜೊತೆ ಇದ್ದವಳು ಕೆರೆಯಾಚೆ ಗಿರಿಜನರ ಹಾಡಿಯವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಇಲ್ಲ, ಮಗಳು ಹೆರಿಗೆಯಲ್ಲಿ ಹೋದಳು, ಮಗಳ ಮಗಳನ್ನು ಸಾಕುತ್ತಿದ್ದಳು. ಹತ್ತು ವರ್ಷ ನಾವಿಬ್ಬರೂ ಒಬ್ಬರ ಜೀವ ಒಬ್ಬರು ಕಾದಿದ್ದೇವೆ. ಒಂದು ಸಲ ಅವಳು ಬಡಿದದ್ದು ನನಗೆ ಕೇಳಿಸಲಿಲ್ಲ. ನೀರಿಗಿಳಿದು ನನ್ನ ಜುಟ್ಟು ಹಿಡಿದು ಎಳೆದುಕೊಂಡು ಹೋದಳು. ದಡ ಹತ್ತಿ ತಿರುಗಿ ನೋಡಿದರೆ ನಾನು ನಿಂತಿದ್ದ ಜಾಗದಲ್ಲಿ ಒಂಟಿ ಸಲಗ ಜೊಂಡು ಮುರಿಯುತ್ತಿತ್ತು.

"ಕಿವೀಗೆ ಏನ್ ತುಂಬ್ಕಂಡಿದ್ದೀಯ ಕೂಸೆ, ನಿಮ್ಮತ್ತೆ ಬೈಗುಳಾನಾ?" ಅಂದಳು.

ಕೆರೆಯಲ್ಲಿ ಅವಳು ನನ್ನನ್ನು ಕೂಸೆ ಅನ್ನುತ್ತಿದ್ದಳು, ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ನಮ್ಮ ಮನೆಯ ಅಂಗಳಕ್ಕೆ ಬಂದರೆ ಅವಳು ಅಮ್ಮ ಅನ್ನುತ್ತಿದ್ದಳು, ನಾನು ಏಯ್ ಅನ್ನುತ್ತಿದ್ದೆ. ಇದರಲ್ಲಿ ತಪ್ಪಿದೆ ಅಂತ ಆಗ ನನಗೆ ಅನ್ನಿಸಿರಲಿಲ್ಲ. ಈಗ ಬರೆಯುವಾಗ ಕೈ ನಿಲ್ಲುತ್ತದೆ.

ಆ ವರ್ಷ ನಮ್ಮೂರ ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಉಪ್ಪುಮಾವು ಮಾಡುತ್ತಿದ್ದ ಮುದುಕಿ ಮಗನ ಮನೆಗೆ ಹೊರಟುಹೋದಳು. ನಿಮ್ಮ ಕಡೆಯ ಉಪ್ಪಿಟ್ಟು ಅದು. ಹಾಡಿಯವಳು ಒಂದು ವರ್ಷದಿಂದ ಅಲ್ಲಿಗೆ ಸೌದೆ, ನೀರು ಹೊತ್ತು ಹಾಕುತ್ತಿದ್ದಳು. ಮುದುಕಿ ಹೋದ ಮೇಲೆ ಎರಡು ತಿಂಗಳು ಅಡಿಗೆಯನ್ನೂ ಇವಳೇ ಮಾಡಿದಳು. ಕೆಲಸವನ್ನು ಅವಳಿಗೇ ಗಟ್ಟಿ ಮಾಡಿಕೊಡುತ್ತೇನೆ ಅಂತ ಶಾಲೆಯ ಹೆಡ್‌ಮಾಸ್ತರು ಹೇಳಿದ್ದರು. ನಮ್ಮ ಕಡೆ ಮೇಷ್ಟರಿಗೆ ಮಾಷ್ ಅನ್ನುತ್ತಾರೆ.

ಈ ಸುದ್ದಿಯನ್ನು ಅವಳು ಮೊದಲು ಹೇಳಿದ್ದು ನನಗೇ. "ತಿಂಗಳು ತಿಂಗಳು ಕೂಲಿ ಕೂಸೆ. ಮಳೆ ಬಂದ್ರೂ ಬರ್ತದೆ, ಆನೆ ಬಂದ್ರೂ ಬರ್ತದೆ. ಕೂಳೂ ಅಲ್ಲೇ, ನನ್ನ ಮಗೀನ ಓದೂ ಅಲ್ಲೇ. ಇನ್ನು ನಿನ್ನ ಜುಟ್ಟು ಹಿಡಿಯಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋ."

ಅದೇ ವಾರ ಮಾಷ್ ನಮ್ಮ ಮನೆಗೆ ಬಂದರು. ಘಾಟಿ ಕೆಳಗಿನವರು, ಒಳ್ಳೆಯವರು, ನಮ್ಮ ಕನ್ನಡವನ್ನು ಅರ್ಧಂಬರ್ಧ ಕಲಿತು ಆಡುವ ಆಸೆ ಅವರಿಗೆ. ಹೊಸ ಜಿಲ್ಲೆ ಆಗಿದೆ, ನಮ್ಮೂರಲ್ಲಿ ಏನೇನಿದೆ ಅಂತ ಮಕ್ಕಳಿಗೆ ಗೊತ್ತಾಗಬೇಕು, ಕೆರೆಯ ಕಥೆಯನ್ನು ನಾಟಕ ಮಾಡಿಸುತ್ತೇನೆ ಅಂದರು. ಅತ್ತೆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಊರಿನ ಕಥೆಯನ್ನು ಊರಿನವರು ಹೇಳುವ ಹಾಗೆ ಹೇಳಿದರು.

"ಸೌಟು ಇಟ್ಕೊಂಡಿದ್ದು ಯಾರಮ್ಮಾ?"

"ಯಾರೋ."

"ಯಾರೋ ಅಂದ್ರೆ ನಾಟಕ ಆಗಲ್ಲ. ಒಬ್ಬ ಕಳ್ಳ ಬೇಕು. ಕಳ್ಳ ಇಲ್ದಿದ್ರೆ ಜನ ಎದ್ದು ಹೋಗ್ತಾರೆ." ಮಾಷ್ ನಕ್ಕರು. "ಕೆರೆ ಪಕ್ಕ ಹಳೇ ಮನೆ ಅಂದ್ರೆ ನಿಮ್ದೊಂದೇ. ನಿಮ್ಮ ಅಟ್ಟದಲ್ಲೇ ಇದ್ಯೋ ಏನೋ, ಹುಡುಕ್ಲಾ?"

ತಮಾಷೆಗೆ ಅಂದದ್ದು. ಅತ್ತೆಯ ಅಡಕತ್ತರಿ ನಿಂತುಬಿಟ್ಟಿತು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ.

"ನಮ್ಮೋರಲ್ಲ ಮಾಷೇ," ಅಂದೆ. "ಪಾತ್ರೆ ತೊಳೆಯಕ್ಕೆ ಹಾಡಿಯಿಂದ ಬಂದಿದ್ದೋಳು ಒಬ್ಳು ಸೆರಗಲ್ಲಿ ಮುಚ್ಚಿಟ್ಕೊಂಡು ಹೋದ್ಲಂತೆ."

ಸೆರಗಲ್ಲಿ ಅನ್ನುವುದು ಎಲ್ಲಿಂದ ಬಂತೋ ಗೊತ್ತಿಲ್ಲ. ಬಾಯಿಗೆ ಬಂತು. ಅದು ಬಂದದ್ದರಿಂದಲೇ ಮಾತು ನಿಜದ ಹಾಗೆ ಕೇಳಿಸಿತು. ಮಾಷ್ ಕಾಗದ ತೆಗೆದು ಬರೆದುಕೊಂಡರು. ಅತ್ತೆ ನನ್ನನ್ನು ನೋಡಿದರು. ಅಲ್ಲಿಯವರೆಗೆ ಅವರು ನನ್ನನ್ನು ಹಾಗೆ ನೋಡಿದ್ದೇ ಇಲ್ಲ. ಆ ಸಂಜೆ ಊಟಕ್ಕೆ ಕೂತಾಗ ಮೊಸರಿನ ಕೆನೆಯನ್ನು ಗಂಡಸರಿಗೆ ಹಾಕದೆ ನನ್ನ ತಟ್ಟೆಗೆ ಹಾಕಿದರು. ನಾನು ತಿಂದೆ. ಖುಷಿಯಾಯಿತು. ಹಾಡಿಯವಳ ನೆನಪು ನನಗೆ ಆ ಹೊತ್ತಿನಲ್ಲಿ ಬರಲೇ ಇಲ್ಲ ಅಂದರೆ ನಂಬಬೇಕು.

ನಾಟಕ ಒಂದು ಶನಿವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ನಡೆಯಿತು. ನನ್ನ ಮಗಳು ನೀರುನಾಯಿ ಆಗಿದ್ದಳು, ಕಂಬಳಿ ಹೊದ್ದುಕೊಂಡು ಸಿಳ್ಳೆ ಹಾಕುವುದು. ಪಾತ್ರೆ ತೊಳೆಯುವ ಕಳ್ಳಿಯ ವೇಷ ಯಾರಿಗೆ ಅಂದರೆ ಹಾಡಿಯವಳ ಮೊಮ್ಮಗಳಿಗೆ. ಹಾಡಿಯ ಪಾತ್ರವಲ್ಲವಾ, ಹಾಡಿಯ ಹುಡುಗಿಗೆ ಒಪ್ಪುತ್ತದೆ ಅಂತ ಮಾಷ್ ಕೊಟ್ಟದ್ದು. ಕೇಡು ಎಣಿಸಿ ಕೊಟ್ಟದ್ದಲ್ಲ. ಹುಡುಗಿಗೆ ನಾಟಕದಲ್ಲಿ ಪಾರ್ಟು ಸಿಕ್ಕಿದ್ದೇ ದೊಡ್ಡದು. ಏನು ಪಾರ್ಟು ಅಂತ ಅಜ್ಜಿಗೆ ಹೇಳದೆ ಗುಟ್ಟಾಗಿ ಇಟ್ಟಿದ್ದಳಂತೆ. ಅಜ್ಜಿ ಎಣ್ಣೆ ಹಚ್ಚಿ ತಲೆ ಬಾಚಿ, ಕೆರೆಯ ನೈದಿಲೆ ಮುಡಿಸಿ, ಕರೆದುಕೊಂಡು ಬಂದು ಎಲ್ಲರ ಹಿಂದೆ ನೆಲದಲ್ಲಿ ಕೂತಿದ್ದಳು.

ಹುಡುಗಿ ಚೆನ್ನಾಗಿಯೇ ಮಾಡಿದಳು. ಆ ಕಡೆ ಈ ಕಡೆ ನೋಡಿ ಸೌಟನ್ನು ಸೆರಗಿನೊಳಗೆ ತುರುಕಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಓಡಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮಗಳು ಅವಳ ಹಿಂದೆ ಓಡಿ ಸೌಟೆಲ್ಲಿ, ಸೌಟೆಲ್ಲಿ ಅಂತ ಕೂಗಿದಳು. ನಾನು ಹಿಂದೆ ತಿರುಗಿ ನೋಡಿದೆ. ಹಾಡಿಯವಳೂ ನಗುತ್ತಿದ್ದಳು. ಮೊಮ್ಮಗಳು ಏನು ಮಾಡಿದಳು ಅಂತ ಗೊತ್ತಾದ ಮೇಲೂ ನಗು ಮುಖದ ಮೇಲೆ ಇತ್ತು, ತೆಗೆಯಲು ಮರೆತ ಹಾಗೆ.

ಶಾಲೆಯ ಮಗುವೊಂದರ ಅಪ್ಪ ಎದ್ದು ನಿಂತು ಕೂಗಿದ: "ಮಾಷೇ, ಉಪ್ಪುಮಾವಿನ ಸೌಟು ಜೋಪಾನ! ಯಾರ ಕೈಗೆ ಕೊಡ್ತಿದ್ದೀರಿ ಅಂತ ನೋಡ್ಕೊಳ್ಳಿ!"

ಮತ್ತೆ ನಗು. ನಾಲ್ಕು ದಿನದಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ಹಾಡಿಯವಳ ಕೈಯ ಅಡಿಗೆ ನಮ್ಮ ಮಕ್ಕಳಿಗೆ ಬೇಡ ಅನ್ನುವವರು ಮೊದಲಿಂದಲೂ ಇದ್ದರು. ಹಾಗೆ ಬಾಯಿಬಿಟ್ಟು ಹೇಳಲು ಅವರಿಗೆ ನಾಚಿಕೆ. ಈಗ ಹೇಳಲು ಒಂದು ಮಾತು ಸಿಕ್ಕಿತು. ಶಾಲೆಯ ಪಾತ್ರೆ ಅವಳ ಕೈಲಿ ಉಳಿಯುತ್ತದಾ, ಅವರ ಕುಲದ ಬುದ್ಧಿಯೇ ಹಾಗೆ, ಕಥೆಯಲ್ಲೇ ಇದೆಯಲ್ಲ. ಆ ಮಾತನ್ನು ಕೊಟ್ಟವಳು ನಾನು. ಮಕ್ಕಳು ಹುಡುಗಿಯನ್ನು ದಾರಿಯಲ್ಲಿ ಸೌಟುಕಳ್ಳಿ ಅಂತ ಕರೆಯತೊಡಗಿದರು. ನನ್ನ ಮಗಳೂ ಕರೆದಳು. ನಾನು ಕೇಳಿಸಿಕೊಂಡೂ ಹೊಡೆಯಲಿಲ್ಲ.

ಬುಧವಾರ ಬೆಳಿಗ್ಗೆ ಜೊಂಡು ಕೊಯ್ಯಲು ಹೋದೆವು. ನೀರಿಗಿಳಿಯುವ ಸರದಿ ಅವಳದು. ಇಳಿಯಲಿಲ್ಲ. ಕತ್ತಿಯನ್ನು ಕಲ್ಲಿನ ಮೇಲಿಟ್ಟು ಕೂತಳು.

"ಆ ಕಥೆ ನಿಮ್ಮನೇಲಿ ಹೇಳಿದ್ದಂತೆ. ಮಾಷ್ ಅಂದ್ರು."

"ಹೂಂ."

"ಯಾರು, ನಿಮ್ಮತ್ತೆನಾ?"

"ಹೂಂ," ಅಂದೆ. ಅಲ್ಲಿಯೂ ಸುಳ್ಳು.

"ಅಲ್ಲ ಕೂಸೆ, ನೀನೇ ಯೋಚ್ನೆ ಮಾಡು. ನಮ್ಮೋರು ಗೆಣಸನ್ನ ಕೆಂಡದಲ್ಲಿ ಸುಡ್ತಾರೆ, ಎಲೇಲಿ ತಿಂತಾರೆ, ಬಿದಿರಂಡೇಲಿ ನೀರು ಕುಡೀತಾರೆ. ಕಂಚಿನ ಸೌಟು ಇಟ್ಕಂಡು ಏನ್ ಮಾಡ್ತಿದ್ರು, ಬೆನ್ನು ಕೆರ್ಕಳಕ್ಕಾ?"

ನನಗೆ ನಗು ಬಂತು. ಅವಳಿಗೂ ಬಂತು. ಆಚೆ ದಡದಲ್ಲಿ ಎರಡು ನೀರುನಾಯಿ ತಲೆ ಎತ್ತಿ ಸಿಳ್ಳೆ ಹಾಕಿದವು. ನಗು ನಿಂತಿತು.

"ನಾಳೆ ಮಧ್ಯಾನ ಮೀಟಿಂಗು," ಅಂದಳು. "ಕೆಲ್ಸ ನಂಗೆ ಕೊಡೋದಾ ಬೇಡ್ವಾ ಅಂತ. ನೀನು ಬಂದು ಒಂದು ಮಾತು ಹೇಳು. ಯಾರು ತಗಂಡ್ರು ಅಂತ ಹೇಳ್ಬೇಡ. ನಂಗದು ಬೇಕಾಗಿಲ್ಲ. ಯಾರು ಅಂತ ನಮಗೆ ಗೊತ್ತಿಲ್ಲ, ಅಷ್ಟೇ ಹೇಳು. ಸಾಕು."

ಅವಳಿಗೆ ಗೊತ್ತಿತ್ತು ಅಂತ ನನಗೆ ಆಗಲೇ ಅನ್ನಿಸಿತು. ಅವಳ ಅಜ್ಜಿ, ಅಜ್ಜಿಯ ಅಜ್ಜಿ ಎಲ್ಲ ನಮ್ಮ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆದವರು. ತೊಳೆದವರಿಗೆ ಗೊತ್ತಿಲ್ಲದ ಪಾತ್ರೆ ಮನೆಯಲ್ಲಿ ಇರುತ್ತದಾ? ಆದರೂ ಅವಳು ಕೇಳಿದ್ದು ಅಷ್ಟೇ.

"ಆಗ್ಲಿ ಅಕ್ಕ, ಹೇಳ್ತೀನಿ," ಅಂದೆ.

ಮೀಟಿಂಗು ಶಾಲೆಯ ಜಗಲಿಯಲ್ಲಿ. ಹತ್ತು ಹದಿನೈದು ಜನ. ಅತ್ತೆ ನನ್ನ ಜೊತೆ ಬಂದರು. ಹದಿನಾಲ್ಕು ವರ್ಷದಲ್ಲಿ ಶಾಲೆಯ ಮೆಟ್ಟಿಲು ಹತ್ತದವರು ಅವತ್ತು ಒಗೆದ ಸೀರೆ ಉಟ್ಟು ಬಂದರು. ಹಾಡಿಯವಳು ಅಡಿಗೆಕೋಣೆಯ ಬಾಗಿಲ ಹತ್ತಿರ ನಿಂತಿದ್ದಳು. ಸೊಂಟದಲ್ಲಿ ಆ ಕೋಣೆಯ ಬೀಗದ ಕೈ. ಅಷ್ಟೂ ಹೊತ್ತು ಅವಳು ನನ್ನನ್ನೇ ನೋಡುತ್ತಿದ್ದಳು. ಜೊಂಡಿನೊಳಗಿಂದ ತಲೆ ಎತ್ತಿ, ಕಲ್ಲಿನ ಮೇಲೆ ನಾನು ಇದ್ದೇನಾ ಅಂತ ನೋಡುತ್ತಿದ್ದಳಲ್ಲ, ಅದೇ ನೋಟ.

ಮಾಷ್ ಕೇಳಿದರು: "ಈ ಕಥೆ ನಿಮ್ಮ ಮನೆಯಿಂದ ಬಂದದ್ದು. ಒಂದು ಕಥೆ ಹಿಡಿದು ಒಬ್ಬರ ಕೆಲಸ ಕಳೆಯೋದು ನಂಗೆ ಸರಿ ಕಾಣಲ್ಲ. ನೀವು ಕೇಳಿದ್ದು ನಿಜವಾಗಿ ಹಾಗೇನಾ?"

ಅವರು ನನಗೆ ದಾರಿ ಮಾಡಿಕೊಟ್ಟರು. ಇದಕ್ಕಿಂತ ಅಗಲವಾದ ದಾರಿ ಯಾರೂ ಮಾಡಿಕೊಡುವುದಿಲ್ಲ. ಗೊತ್ತಿಲ್ಲ ಮಾಷೇ ಅಂದರೆ ಮುಗಿಯುತ್ತಿತ್ತು. ಅತ್ತೆ ನನ್ನನ್ನು ಹೆದರಿಸಲಿಲ್ಲ, ಚಿವುಟಲಿಲ್ಲ. ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರ ಮೇಲೆ ಹಾಕಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ. ನಾನೇ ಲೆಕ್ಕ ಹಾಕಿದೆ. ಗೊತ್ತಿಲ್ಲ ಅಂದರೆ, ಮತ್ತೆ ಅವತ್ತು ಯಾಕೆ ಹೇಳಿದೆ ಅಂತ ಕೇಳುತ್ತಾರೆ. ಆಮೇಲೆ ಯಾರು ಅಂತ ಕೇಳುತ್ತಾರೆ. ಅಟ್ಟ ನೆನಪಾಯಿತು. ಕೆನೆಯೂ ನೆನಪಾಯಿತು.

"ನಾನು ಕೇಳಿದ್ದು ಹಾಗೇ," ಅಂದೆ.

ಅಷ್ಟೇ. ಆನೆ ಬಂದದ್ದನ್ನು ಕಂಡೂ ಕಲ್ಲಿಗೆ ಬಡಿಯದವಳು ನಾನು.

ಆಮೇಲೆ ಬೇಗ ಮುಗಿಯಿತು. ಅವಳ ಮೇಲೆ ಯಾರೂ ಏನೂ ಹೇಳುತ್ತಿಲ್ಲ, ಆದರೂ ಮಕ್ಕಳ ವಿಷಯ, ಪಾತ್ರೆಯ ವಿಷಯ, ಎಲ್ಲರಿಗೂ ಒಪ್ಪುವವರು ಆದರೆ ಒಳ್ಳೆಯದು ಅಂತ ಒಬ್ಬರಾದ ಮೇಲೆ ಒಬ್ಬರು ಅಂದರು. ಹಾಗಾದರೆ ಯಾರು ಮಾಡುತ್ತೀರಿ ಅಂತ ಮಾಷ್ ಬೇಸರದಿಂದ ಕೇಳಿದರು. ಆಗ ಅತ್ತೆ ಎಲೆ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಲೆ ಆಡಿಸಿದರು. "ಇವ್ಳು ಬರ್ತಾಳೆ ಬಿಡಿ. ನಮ್ಮನೆಯೋಳು ಅಂದ್ರೆ ಯಾರೂ ಬೇಡ ಅನ್ನಲ್ಲ."

ಯಾರೂ ಬೇಡ ಅನ್ನಲಿಲ್ಲ. ನಾನೂ ಬೇಡ ಅನ್ನಲಿಲ್ಲ.

ಹಾಡಿಯವಳು ಸೊಂಟದಿಂದ ಬೀಗದ ಕೈ ಬಿಚ್ಚಿ ತಂದು ಕೊಟ್ಟಳು. ಕೈಗೆ ಕೊಡಲಿಲ್ಲ, ನನ್ನ ಮುಂದೆ ಜಗಲಿಯ ಅಂಚಿಗಿಟ್ಟಳು, ನಮ್ಮ ಮನೆಯಲ್ಲಿ ಕೊಡುವ ಹಾಗೆ.

"ಎಡಗಡೆ ಒಲೆ ಹೊಗೆ ಹಾಕ್ತದೆ. ಮೊದ್ಲು ಒಣ ಬಿದಿರು ಇಟ್ಟು ಹಚ್ಚಿ, ಅಮ್ಮ," ಅಂದಳು.

ಶಾಲೆಯಲ್ಲಿ ನನ್ನನ್ನು ಅಮ್ಮ ಅಂದಳು. ಮುಂದೆ ಕೆರೆಯಲ್ಲೂ ಅಮ್ಮ ಅಂದಳು. ಒಂದೆರಡು ಸಲ ಸಿಕ್ಕಿದಾಗ ಅಕ್ಕ ಅಂತ ನಾನೇ ಕರೆದು ನೋಡಿದೆ. ಏನಮ್ಮ ಅಂದಳು, ಮರ್ಯಾದೆಯಿಂದ. ಅವಳು ಬೇರೆ ಜೊತೆ ಮಾಡಿಕೊಂಡು ಜೊಂಡು ಕೊಯ್ಯುತ್ತಾ, ಚಳಿಜ್ವರದಲ್ಲೂ ನೀರಿಗಿಳಿದು, ಹತ್ತು ಹನ್ನೊಂದು ವರ್ಷ ಬದುಕಿದಳು. ಮೊಮ್ಮಗಳು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಳು. ಆ ಶಾಲೆ ಈಗ ಇಲ್ಲ. ಮುಚ್ಚುವವರೆಗೂ ಅಲ್ಲಿ ಬೇಯಿಸಿ ಹಾಕಿದವಳು ನಾನು. ಆ ಕೂಲಿಯಿಂದಲೇ ಮಗಳ ಮದುವೆ ಮಾಡಿದೆ. ಸೌಟನ್ನು ಕೆರೆಗೆ ಹಾಕಿದೆ ಅಂತ ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಹಾಕಿಲ್ಲ. ಅಟ್ಟದಲ್ಲೇ ಇದೆ. ಪುತ್ತರಿಗೆ ಈಗ ನನ್ನ ಸೊಸೆ ತೊಳೆಯುತ್ತಾಳೆ. ಹೊಸಿಲು ದಾಟಕೂಡದು ಅಂತ ಅವಳಿಗೆ ಹೇಳಿಕೊಟ್ಟವಳೂ ನಾನೇ. ಈಗ ದಾಟಿಸುತ್ತಿರುವವಳೂ ನಾನೇ, ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ.

ಮೀಟಿಂಗಿನ ಮರುದಿನ ಬೆಳಿಗ್ಗೆ ಬೇಗ ಸ್ನಾನ ಮಾಡಿ ಶಾಲೆಗೆ ಹೋದೆ. ಬೀಗ ತೆಗೆದೆ. ಎಡಗಡೆ ಒಲೆಯ ಪಕ್ಕದಲ್ಲಿ ಸೀಳಿದ ಒಣ ಬಿದಿರು ಒಂದಳತೆಯಲ್ಲಿ ಜೋಡಿಸಿಟ್ಟಿತ್ತು. ಪಾತ್ರೆಗಳೆಲ್ಲ ಬೂದಿ ಹುಣಸೆಯಲ್ಲಿ ಉಜ್ಜಿ, ಗೋಡೆಯ ಬದಿಗೆ ಸಾಲಾಗಿ ಕವುಚಿಟ್ಟಿದ್ದವು. ಕಿಟಕಿಯ ಬೆಳಕಿಗೆ ಥಳಥಳ ಹೊಳೆಯುತ್ತಿದ್ದವು. ನಾನು ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು, ಒಲೆ ಹಚ್ಚುವ ಮೊದಲು, ಅವುಗಳನ್ನು ಎಣಿಸಿದೆ. ದೊಡ್ಡ ಪಾತ್ರೆ ಎರಡು, ಬಕೆಟ್ಟು ಮೂರು, ಸೌಟು ಎರಡು. ಎಲ್ಲವೂ ಇದ್ದವು. ಸಾಲದು ಅಂತ ಇನ್ನೊಂದು ಸಲ ಎಣಿಸಿದೆ.